ಒಡವೆ ಪೆಟ್ಟಿಗೆಗೊಂದು ಅಲಾರಂ

ನಾನು ಹುಟ್ಟಿ ಬೆಳೆದದ್ದು ಶ್ರೀರಂಗಪಟ್ಟಣದ ಕೋಟೆಯೊಳಗೆ. ಅಲ್ಲಿ ಪ್ರವಾಸಿಗರು ದಾರಿ ತಪ್ಪಿ ನಮ್ಮ ಅಂಗಳಕ್ಕೇ ಬಂದು, ಒಣಹಾಕಿದ ಬಟ್ಟೆಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಹಾಗಾಗಿ ಮನೆಯೊಳಗೆ ಹೋದ ಕೂಡಲೇ ಚಿಲಕ ಹಾಕುವುದು ನನ್ನ ಕೈಗೆ ಅಂಟಿದ ಚಾಳಿ. ಮದುವೆಯಾಗಿ ಕೆ.ಆರ್. ಪೇಟೆ ತಾಲ್ಲೂಕಿಗೆ, ಸಿಂಧಘಟ್ಟದ ಆಚೆಯ ಈ ಊರಿಗೆ ಬಂದಾಗ ಹಿತ್ತಿಲ ಬಾಗಿಲಿಗೆ ಚಿಲಕವೇ ಇರಲಿಲ್ಲ. ಮುರಿದಿರಬೇಕು, ರಿಪೇರಿ ಮಾಡಿಸಿ ಎಂದು ಗಂಡನಿಗೆ ಹೇಳಿದೆ. ಮುರಿದಿಲ್ಲ, ಹಾಕಿಸಿಯೇ ಇಲ್ಲ ಅಂದರು.

ಕಾರಣ ನಡುಮನೆಯ ಪಕ್ಕದ ಕೋಣೆಯಲ್ಲಿತ್ತು. ಊರದೇವತೆಯ ಒಡವೆಗಳನ್ನಿಟ್ಟ ಹಲಸಿನ ಮರದ ಪೆಟ್ಟಿಗೆಯನ್ನು ತಲೆತಲಾಂತರದಿಂದ ನೋಡಿಕೊಳ್ಳುತ್ತಿದ್ದುದು ನಮ್ಮ ಮನೆಯವರು. ಬೆಳ್ಳಿ ಮುಖವಾಡ, ಕಾಸಿನ ಸರ, ಬಳೆ, ಇನ್ನೂ ಏನೇನೋ ಅದರಲ್ಲಿದ್ದವು. ಹಬ್ಬಕ್ಕೊಮ್ಮೆ ಊರವರು ಬಂದು ತೆಗೆಸಿಕೊಂಡು ಹೋಗುವರು, ಮುಗಿದ ಮೇಲೆ ತಂದಿಡುವರು. ಪೆಟ್ಟಿಗೆ ಇಟ್ಟುಕೊಂಡ ಮನೆಗೆ ಒಂದು ಕಟ್ಟಳೆಯಿತ್ತು. ಊರಿನ ಯಾವ ಹೆಂಗಸಾದರೂ ಹಗಲು ಹೊತ್ತಿನಲ್ಲಿ ಹಿತ್ತಿಲಿನಿಂದ ಒಳಗೆ ಬಂದು, ಪೆಟ್ಟಿಗೆಗೆ ಹಣೆ ಹಚ್ಚಿ, ತನ್ನ ಸಂಕಟ ಹೇಳಿಕೊಂಡು ಹೋಗಬಹುದು. ಯಾಕೆ ಬಂದೆ ಎಂದು ಮನೆಯವರು ಕೇಳಕೂಡದು. ಇಂಥವಳು ಬಂದಿದ್ದಳು ಎಂದು ಇನ್ನೊಬ್ಬರಿಗೆ ಹೇಳಕೂಡದು.

ಅತ್ತೆ ಇದನ್ನು ಎಷ್ಟು ಚೆನ್ನಾಗಿ ನಡೆಸುತ್ತಿದ್ದರೆಂದರೆ, ಒಳಗೆ ಹೆಜ್ಜೆ ಸಪ್ಪಳವಾದರೆ ಅಡುಗೆಮನೆಯಲ್ಲಿ ಬೇಕೆಂದೇ ಪಾತ್ರೆ ಸದ್ದು ಮಾಡುತ್ತಿದ್ದರು. ಬಂದವಳು ಏನು ಹೇಳಿಕೊಂಡರೂ ಯಾರ ಕಿವಿಗೂ ಬೀಳಬಾರದು. ಪೂಜೆ ಪುನಸ್ಕಾರದಲ್ಲಿ ಅವರಿಗೆ ಅಂಥ ಆಸಕ್ತಿಯೇನೂ ಇರಲಿಲ್ಲ. ಸಂಜೆ ದೀಪ ಹಚ್ಚಿ, ಕೈ ಮುಗಿದು, ಹಾಲು ಕರೆಯಲು ಹೋಗಿಬಿಡುತ್ತಿದ್ದರು.

“ದೇವ್ರಿಗೇನು, ಗುಡೀಲವ್ಳೆ. ಈ ಎಣ್ಮಕ್ಳಿಗೆ ಇನ್ನೆಲ್ಲವ್ವ ಅದೆ ಜಾಗ?” ಅನ್ನುತ್ತಿದ್ದರು.

ಅವರಿಗೆ ಬೇಕಾಗಿದ್ದುದು ಅದೊಂದೇ, ಆ ಬಾಗಿಲಿಗೆ ಹೆಂಗಸರು ಬರುವುದು ನಿಲ್ಲಬಾರದು.

ನಾಗಮಂಗಲದ ಕಡೆ ಯಾವುದೋ ಊರಲ್ಲಿ ದೇವರ ಒಡವೆ ಕಳುವಾಯಿತು ಎಂಬ ಸುದ್ದಿ ಬಂದದ್ದೇ ತಡ, ನಮ್ಮೂರ ಹಿರಿಯರು ಜಗುಲಿಯ ಮೇಲೆ ಬಂದು ಕೂತರು. ಪೆಟ್ಟಿಗೆಯನ್ನು ಪೇಟೆಯ ಬ್ಯಾಂಕಿನ ಲಾಕರಿನಲ್ಲಿಡುವುದು ಒಳ್ಳೆಯದು ಅಂದರು. ಅತ್ತೆ ಬಾಗಿಲ ಮರೆಯಿಂದಲೇ ಉತ್ತರ ಕೊಟ್ಟರು.

“ಎಣ್ಮಕ್ಳು ಬ್ಯಾಂಕಿಗೋಗಿ ಅತ್ಕಂಡ್ ಬರಾಕಾಯ್ತದಾ?”

ಕೊನೆಗೆ ನನ್ನ ಗಂಡ, ಒಂದು ಅಲಾರಂ ಹಾಕಿಸ್ತೀನಿ, ಪೆಟ್ಟಿಗೆ ಇಲ್ಲೇ ಇರಲಿ ಎಂದು ಎಲ್ಲರನ್ನೂ ಒಪ್ಪಿಸಿ ಕಳಿಸಿದರು.

ಆ ಕೆಲಸ ನನ್ನ ತಲೆಗೆ ಬಂತು. ನಾನು ಪೇಟೆಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ವಿಜ್ಞಾನದ ಟೀಚರು ಅಂದರೆ ಮಿಕ್ಸಿಯಿಂದ ಹಿಡಿದು ಬೋರ್‌ವೆಲ್ಲಿನ ಮೋಟಾರಿನವರೆಗೆ ಎಲ್ಲವೂ ತಿಳಿದಿರಬೇಕು ಎಂಬುದು ಈ ಊರಿನ ನಂಬಿಕೆ. ಮೈಸೂರಿನಿಂದ ಬಂದು ಹಾಕಿಕೊಡುವವರು ಗೋಡೆಯುದ್ದಕ್ಕೂ ವೈರು ಎಳೆಯಬೇಕು ಅಂದರು. ಆ ಮಣ್ಣಿನ ಗೋಡೆಗೆ ಅಷ್ಟು ಮೊಳೆ ಹೊಡೆದರೆ ಕಳ್ಳನಿಗೆ ಬಾಗಿಲೇ ಬೇಕಾಗುವುದಿಲ್ಲ. ಹಾಗಾಗಿ ನಾವೇ ಹಾಕಿಕೊಳ್ಳುವಂಥದ್ದನ್ನು ಫೋನಿನಲ್ಲಿ ಹುಡುಕತೊಡಗಿದೆ.

ನನ್ನ ಗಂಡನಿಗೆ ಹಿಡಿಸಿದ್ದು ನಾಯಿಯ ಹಾಗೆ ಬೊಗಳುವ ಒಂದು ಅಲಾರಂ. ನಮ್ಮೂರಲ್ಲಿ ನಾಯಿ ಬೊಗಳಿದರೆ ಯಾರು ತಿರುಗಿ ನೋಡುತ್ತಾರೆ ಎಂದು ಕೇಳಿದ ಮೇಲೆ ಅದನ್ನು ಕೈಬಿಟ್ಟರು. ವೈಫೈ ನಂಬಿದ್ದು ಬೇಡವೆಂದು ನಾನೇ ಬಿಟ್ಟೆ. ಕರೆಂಟು ಹೋದರೆ ಅದೂ ಹೋಗುತ್ತದೆ. ಕೊನೆಗೆ ಸಿಮ್ ಹಾಕುವ, ಬ್ಯಾಟರಿಯಿಂದಲೂ ನಡೆಯುವ ಒಂದು ಸೆಟ್ಟು ಆರಿಸಿದೆ. ಬಾಗಿಲಿಗೆ ಅಂಟಿಸುವ, ಬಾಗಿಲು ತೆರೆದು ಬೇರೆಯಾದರೆ ಸುಳಿವು ಕೊಡುವ ಆಯಸ್ಕಾಂತದ ಜೋಡಿ, ಒಂದು ಸೈರನ್ನು, ರಿಮೋಟು, ಮತ್ತು ಯಾರಾದರೂ ಓಡಾಡಿದರೆ ಫೋಟೋ ತೆಗೆದು ನಮ್ಮ ಫೋನಿಗೆ ಕಳಿಸುವ ಒಂದು ಸೆನ್ಸರು.

ಭಾನುವಾರ ಹಾಕಲು ಕೂತೆವು. ಟೇಪು ಅಂಟಿಸಿದರೆ ಸಾಕು ಎಂದು ಕಾಗದದಲ್ಲಿ ಬರೆದಿತ್ತು. ಅಂಟಿಸಿದೆ. ಟೇಪಿನ ಜೊತೆಗೆ ಗೋಡೆಯ ಸುಣ್ಣವೂ ಕಿತ್ತುಕೊಂಡು ಬಂತು. ಮುಂಬಾಗಿಲಿಗೆ ಆಯಸ್ಕಾಂತದ ಎರಡು ತುಂಡುಗಳನ್ನು ಹತ್ತಿರ ಹತ್ತಿರ ಕೂರಿಸಬೇಕು. ನಮ್ಮ ಹಳೇ ಬಾಗಿಲೋ ವಾಲಿಕೊಂಡು, ಮುಚ್ಚಿದರೂ ನಡುವೆ ಬೆಕ್ಕಿನ ತಲೆ ತೂರುವಷ್ಟು ಸಂದು. ನನ್ನ ಗಂಡ ಒಂದು ಮರದ ಚೂರು ಕೆತ್ತಿ, ಸಂದಿಗೆ ಕೊಟ್ಟು, ಅದರ ಮೇಲೆ ಸ್ಕ್ರೂ ಹಾಕಿದರು. ಎಲ್ಲ ಸರಿಯಾಯಿತು ಅನ್ನುವಷ್ಟರಲ್ಲಿ ಕರು ಹಗ್ಗ ಬಿಡಿಸಿಕೊಂಡು, ಮುಂಬಾಗಿಲು ತಳ್ಳಿ ನಡುಮನೆಗೆ ನುಗ್ಗಿತು, ಸೈರನ್ನು ಬಾಯಿ ಬಿಟ್ಟಿತು. ಬೀದಿಗೆ ಬೀದಿಯೇ ಓಡಿ ಬಂತು. ಬಂದವರಿಗೆಲ್ಲ ಕಾಫಿ ಕೊಟ್ಟು, ಇದು ಪರೀಕ್ಷೆ ಎಂದು ಹೇಳಿ ಕಳಿಸಿದ್ದಾಯಿತು.

ಹಿತ್ತಿಲ ಬಾಗಿಲ ತಂಟೆಗೆ ಹೋಗಬೇಡಿ ಎಂದು ಅತ್ತೆ ಮೊದಲೇ ಹೇಳಿದ್ದರು. ನಾನು ಹೋಗಲಿಲ್ಲ. ಬದಲಿಗೆ ಫೋಟೋ ತೆಗೆಯುವ ಸೆನ್ಸರನ್ನು ಪೆಟ್ಟಿಗೆಯ ಕೋಣೆಯ ಮೂಲೆಯಲ್ಲಿ, ತೊಲೆಯ ಕೆಳಗೆ, ಪೆಟ್ಟಿಗೆಯ ಮೇಲೆ ಮಾತ್ರ ಕಣ್ಣಿರುವ ಹಾಗೆ ಕೂರಿಸಿದೆ. ಬಾಗಿಲು ತೆರೆದೇ ಇರುತ್ತದೆ, ಒಡವೆಯೂ ಉಳಿಯುತ್ತದೆ, ಕಟ್ಟಳೆಯೂ ಮುರಿಯುವುದಿಲ್ಲ ಎಂದು ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ.

ಅತ್ತೆ ಅದರ ಕೆಳಗೆ ಬಂದು ನಿಂತು ನೋಡಿದರು.

“ಇದು ಯಾರ್ನಾರ ಕಂಡ್ರೆ ಏನ್ ಮಾಡ್ತದೆ?”

“ಕೂಗ್ತದೆ ಅತ್ತೆ. ಫೋಟೋ ತೆಗ್ದು ನಮ್ ಫೋನ್‌ಗೆ ಕಳಿಸ್ತದೆ.”

“ಕಳ್ಳರ್ಯಾರು, ಕಷ್ಟ ಯೋಳ್ಕಳಾಕ್ ಬಂದೋರ್ಯಾರು ಅಂತ ಗೊತ್ತಾಯ್ತದಾ ಅದ್ಕೆ?”

“ಇಲ್ಲ.”

“ಅಂಗಾರೆ ನಾನು ಮನೇಲಿರೋವಾಗ ಬ್ಯಾಡ. ಆರ್ಸ್‌ಬುಡು.”

ಹಾಗೆಯೇ ನಡೆಯಿತು. ರಾತ್ರಿ ಮಲಗುವಾಗ ಹಾಕುವುದು, ಬೆಳಗ್ಗೆ ಎದ್ದು ತೆಗೆಯುವುದು. ರಿಮೋಟು ಅತ್ತೆಯ ಸೊಂಟದಲ್ಲಿ ಬೀಗದ ಕೈಗಳ ಜೊತೆ ತೂಗುತ್ತಿತ್ತು. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಹಗಲಲ್ಲೂ ಹಾಕಬೇಕು ಎಂಬುದು ನಾನೇ ಮಾಡಿಕೊಂಡ ನಿಯಮ. ಅದನ್ನು ಅತ್ತೆಗೆ ಹೇಳಿರಲಿಲ್ಲ. ಹೇಳುವಂಥದ್ದು ಎಂದೂ ಅನ್ನಿಸಿರಲಿಲ್ಲ. ಯಾರೂ ಇಲ್ಲದ ಮನೆಯಲ್ಲಿ ಕಾವಲಿರಬೇಕು ಎಂಬುದು ಪಟ್ಟಣದವಳ ಲೆಕ್ಕ. ಮನೆಯಲ್ಲಿ ಯಾರೂ ಇಲ್ಲದ ಹೊತ್ತನ್ನೇ ಕೆಲವರು ಕಾದುಕೊಂಡಿರುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ.

ಒಂದು ದಿನ ಅತ್ತೆಯನ್ನು ಪಾಂಡವಪುರದ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಗಂಡ ಹಾಲಿನ ಡೈರಿಗೆ ಹೋಗಿದ್ದರು. ಬಸ್ಸು ಹತ್ತಿದ ಮೇಲೆ ನೆನಪಾಗಿ ಫೋನಿನಿಂದಲೇ ಅಲಾರಂ ಹಾಕಿದೆ. ಆಸ್ಪತ್ರೆಯಲ್ಲಿ ಅತ್ತೆಯ ಕಣ್ಣಿಗೆ ಔಷಧಿ ಬಿಟ್ಟು, ಕಣ್ಣು ಮುಚ್ಚಿಕೊಂಡು ಕೂತಿರಿ ಅಂದಿದ್ದರು. ನಾನು ಪಕ್ಕದಲ್ಲಿ ಕೂತಿದ್ದಾಗ ಫೋನು ಗುಯ್‌ಗುಟ್ಟಿತು.

ಫೋಟೋದಲ್ಲಿದ್ದವಳು ಎದುರುಮನೆಯ ಸೊಸೆ. ಊರಿನಲ್ಲಿ ನಗುನಗುತ್ತಾ ಓಡಾಡುವ ಹುಡುಗಿ. ಸುಖವಾಗಿದ್ದಾಳೆ ಎಂದೇ ಎಲ್ಲರೂ ತಿಳಿದಿದ್ದೆವು. ಅವಳು ನೆಲದ ಮೇಲೆ ಕೂತು, ಪೆಟ್ಟಿಗೆಯ ಮುಚ್ಚಳಕ್ಕೆ ಕೆನ್ನೆ ಒತ್ತಿಕೊಂಡಿದ್ದಳು. ಬಾಯಿ ತೆರೆದಿತ್ತು, ಯಾವುದೋ ಮಾತಿನ ಮಧ್ಯದಲ್ಲಿ. ಮುಖವೆಲ್ಲ ಒದ್ದೆ. ಸೈರನ್ನು ಇನ್ನೂ ಅವಳ ಕಿವಿಗೆ ಬಿದ್ದಿಲ್ಲದ ಗಳಿಗೆ ಅದು.

“ಏನವ್ವ?” ಅಂದರು ಅತ್ತೆ, ಕಣ್ಣು ಮುಚ್ಚಿಕೊಂಡೇ.

ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ. ಎದ್ದು ನಿಂತು, “ನಡಿ ಊರ್ಗೆ” ಅಂದರು. ಡಾಕ್ಟರು ಇನ್ನೂ ನೋಡಿಲ್ಲ ಅಂದರೂ ಕೇಳಲಿಲ್ಲ. ಔಷಧಿಯಿಂದ ಅವರಿಗೆ ಎಲ್ಲವೂ ಮಂಜಾಗಿ ಕಾಣುತ್ತಿತ್ತು. ಕೈ ಹಿಡಿದು ಹೊರಗೆ ಕರೆತಂದು ಒಂದು ಆಟೋ ಗೊತ್ತು ಮಾಡಿದೆ. ಫೋನಿನಲ್ಲಿ ಸೈರನ್ನು ನಿಲ್ಲಿಸಿದ್ದೆ, ಆದರೆ ಕೂಗಬೇಕಾದಷ್ಟು ಕೂಗಿಯಾಗಿತ್ತು.

ನಾವು ಬರುವಷ್ಟರಲ್ಲಿ ಹಿತ್ತಿಲ ತುಂಬ ಜನ. ನನ್ನ ಗಂಡ ಯಾರನ್ನೂ ಒಳಗೆ ಬಿಡದೆ ಬಾಗಿಲಲ್ಲಿ ನಿಂತಿದ್ದರು; ಫೋಟೋ ಅವರ ಫೋನಿಗೂ ಬಂದಿತ್ತು, ಯಾರಿಗೂ ತೋರಿಸಿರಲಿಲ್ಲ. ಹುಡುಗಿ ಕೊಟ್ಟಿಗೆಯ ಕಂಬ ಹಿಡಿದುಕೊಂಡು ತಲೆ ತಗ್ಗಿಸಿದ್ದಳು. ಅವಳ ಅತ್ತೆ ಎದುರಿಗೆ ನಿಂತು ಕೇಳುತ್ತಿದ್ದರು.

“ಏನ್ ಕೇಳ್ಕಳಾಕ್ ಬಂದಿದ್ದೆ ಯೋಳು. ನಮ್ಮನೇಲಿ ನಿಂಗೇನ್ ಕಮ್ಮಿ ಮಾಡಿವ್ನಿ? ಊರೋರ್ ಮುಂದೆ ಯೋಳು.”

ಈ ಊರಿನಲ್ಲಿ ಯಾರೂ ಯಾರನ್ನೂ ಕೇಳಬಾರದ ಪ್ರಶ್ನೆ ಅದು. ಅದನ್ನು ಕೇಳಲು ದಾರಿ ಮಾಡಿಕೊಟ್ಟದ್ದು ನಾನು ಸ್ಕ್ರೂ ಹಾಕಿ ಕೂರಿಸಿದ ಪ್ಲಾಸ್ಟಿಕ್ಕಿನ ಡಬ್ಬಿ.

ಅತ್ತೆಗೆ ಯಾರ ಮುಖವೂ ಕಾಣುತ್ತಿರಲಿಲ್ಲ. ಬಿಸಿಲಿಗೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ದನಿ ಬಂದ ಕಡೆಗೆ ತಿರುಗಿ, ಏನೂ ಆಗಿಲ್ಲವೆಂಬಂತೆ ಅಂದರು:

“ಅದ್ಯಾಕಿಂಗ್ ನಿಂತಿದೀರಿ ಎಲ್ಲಾವ? ನಾನೇ ಯೋಳೋಗಿದ್ದೆ ಅವ್ಳಿಗೆ, ದೀಪಕ್ಕೆ ಎಣ್ಣೆ ಆಕ್ಬುಡು, ನಾನು ಬರೋದ್ ವೊತ್ತಾಯ್ತದೆ ಅಂತ. ಈ ಆಳಾದ್ ಮಿಸನ್ನು ಆರ್ಸೋದ್ ಮರ್ತ್‌ಬುಟ್ಟೋ.”

ದೇವರ ದೀಪದ ಎಣ್ಣೆಯನ್ನು ಅತ್ತೆ ನನ್ನ ಕೈಗೂ ಕೊಟ್ಟವರಲ್ಲ. ಅದು ಅಲ್ಲಿದ್ದವರೆಲ್ಲರಿಗೂ ಗೊತ್ತು. ಆದರೂ ಎದುರುಮನೆಯಾಕೆ ನಮ್ಮತ್ತೆಯನ್ನೊಮ್ಮೆ ನೋಡಿ, “ಅಂಗಂತ ಮೊದ್ಲೇ ಯೋಳ್‌ಬಾರ್ದಾ” ಎಂದು ಸೊಸೆಯನ್ನು ಗದರಿಸಿಕೊಂಡು ಕರೆದುಕೊಂಡು ಹೋದರು. ಆ ಮನೆಯೊಳಗೆ ಆಮೇಲೆ ಏನು ನಡೆಯಿತೋ ನಮಗೆ ತಿಳಿಯದು.

ಅವತ್ತು ಸಂಜೆಯೇ ಆ ಸೆನ್ಸರು ಬಿಚ್ಚಿದೆ. ಫೋಟೋವನ್ನು ನನ್ನ ಫೋನಿನಿಂದಲೂ ಗಂಡನ ಫೋನಿನಿಂದಲೂ ಅಳಿಸಿದೆ. ಮುಂಬಾಗಿಲ ಆಯಸ್ಕಾಂತ, ಸೈರನ್ನು ಉಳಿದವು. ಹಿರಿಯರಿಗೆ ಅಷ್ಟು ಸಾಕಾಗಿತ್ತು. ಆದರೆ ಹೆಂಗಸರು ಹಗಲಲ್ಲಿ ಒಬ್ಬೊಬ್ಬರೇ ಬರುವುದು ನಿಂತುಹೋಯಿತು. ಸಂಜೆ ದೀಪದ ಹೊತ್ತಿಗೆ ಗುಂಪಾಗಿ ಬರುವರು, ಮಗಳ ಮದುವೆ, ಮಗನ ಪರೀಕ್ಷೆ ಎಂದು ಎಲ್ಲರಿಗೂ ಕೇಳುವ ಹಾಗೆ ಬೇಡಿಕೊಳ್ಳುವರು, ಕುಂಕುಮ ಹಚ್ಚಿಕೊಂಡು ಹೋಗುವರು. ಒಬ್ಬಳೇ ಬಂದವಳು ಯಾರೂ ಇಲ್ಲ. ಮಿಸನ್ನು ತೆಗೆದಿದ್ದೇವೆ, ಬನ್ನಿ ಎಂದು ಕರೆಯೋಣವೆಂದರೆ ಅದೂ ಆಗದು. ಯಾರನ್ನು ಕರೆಯುವುದು? ಕರೆದರೆ, ನೀನು ಬರುತ್ತಿದ್ದೆ ಎಂದು ಮುಖಕ್ಕೇ ಹೇಳಿದ ಹಾಗೆ.

ಅತ್ತೆ ಮಧ್ಯಾಹ್ನದ ಹೊತ್ತು ಅಡುಗೆಮನೆಯಲ್ಲಿ ಪಾತ್ರೆ ಮುಟ್ಟದೆ ಕಿವಿಗೊಟ್ಟು ಕೂತಿರುತ್ತಿದ್ದರು.

“ಮನೆ ಮೂಗಾಗೋಯ್ತು ಕಣವ್ವ” ಅಂದರು ಒಮ್ಮೆ.

ನನಗೆ ನಾಚಿಕೆಯಾಗುತ್ತಿತ್ತು. ಸಿಟ್ಟೂ ಬರುತ್ತಿತ್ತು, ಜಗುಲಿಯ ಮೇಲೆ ಕೂತು ಹೆದರಿಸಿ ಹೋದ ಹಿರಿಯರ ಮೇಲೆ, ಬೈಯದೇ ಉಳಿದ ಅತ್ತೆಯ ಮೇಲೆ. ಅವರು ಒಮ್ಮೆ ಚೆನ್ನಾಗಿ ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಹಲವು ತಿಂಗಳು ಕಳೆದ ಮೇಲೆ, ಸ್ಕೂಲು ಮುಗಿಸಿ ಪೇಟೆಯಿಂದ ಬರುವ ಬಸ್ಸಿನಲ್ಲಿ ಎದುರುಮನೆಯ ಹುಡುಗಿ ನನ್ನ ಪಕ್ಕ ಬಂದು ಕೂತಳು. ಕಾಲ ಬಳಿ ಬಟ್ಟೆಯಂಗಡಿಯ ಚೀಲ. ಟಿಕೆಟ್ ತೆಗೆದುಕೊಂಡು, ಕಂಡಕ್ಟರು ಹಿಂದಕ್ಕೆ ಹೋದ ಮೇಲೆ ದನಿ ತಗ್ಗಿಸಿ ಕೇಳಿದಳು.

“ಟೀಚರಕ್ಕ, ಆ ಫೋಟೋ ಅದಾ ಇನ್ನೂವೆ?”

“ಇಲ್ಲ ಕಣವ್ವ. ಅವತ್ತೇ ಅಳಿಸ್ಬಿಟ್ಟೆ.”

“ನೀವು ನೋಡುದ್ರಾ?”

“ನೋಡ್ದೆ.”

ಅವಳು ಕಿಟಕಿಯ ಕಡೆ ತಿರುಗಿದಳು. “ಎಂಗ್ ಕಾಣ್ತಿದ್ದೆ?”

ಅವಳ ಮುಖದ ಒಂದೊಂದು ಗೆರೆಯೂ ನನಗೆ ಗೊತ್ತಿತ್ತು. ಅಳಿಸಿದ ಮೇಲೂ ಅದು ಹೋಗಿರಲಿಲ್ಲ. ಹೋಗುವುದೂ ಇಲ್ಲ.

“ಮುಖ ಬಿದ್ದಿರ್ಲಿಲ್ಲ. ಬರೀ ಬೆನ್ನು. ಹಿತ್ತಿಲಲ್ಲಿ ನಿನ್ನ ಕಂಡ್ ಮೇಲೇನೇ ನೀನು ಅಂತ ನಂಗೆ ಗೊತ್ತಾಗಿದ್ದು.”

ಮಕ್ಕಳಿಗೆ ಕಂಡದ್ದನ್ನು ಕಂಡ ಹಾಗೆ ಬರೆಯಿರಿ ಎಂದು ಪಾಠ ಹೇಳುವವಳು ನಾನು. ಈ ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು. ಅವಳು ನಂಬಿದಳೋ ಬಿಟ್ಟಳೋ ಹೇಳಲಾರೆ. ಊರು ಬರುವವರೆಗೂ ಈ ವರ್ಷದ ಅವರೇಕಾಯಿಯ ಮಾತಾಡಿದೆವು.

ಆಮೇಲೆ ಒಂದು ದಿನ ಪರೀಕ್ಷೆಯಿದ್ದುದರಿಂದ ಮಧ್ಯಾಹ್ನವೇ ಮನೆಗೆ ಬಂದೆ. ಅತ್ತೆ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಅವರೇಕಾಯಿ ಸುಲಿಯುತ್ತಿದ್ದರು. ಒಳಗೆ ಹೋಗಲು ಕಾಲಿಟ್ಟವಳ ಸೀರೆಯ ನೆರಿಗೆ ಹಿಡಿದು ಎಳೆದರು.

“ಇಲ್ಲೇ ಕೂತ್ಕೊ ಒಸಿ.”

ದನಿ ಬೇರೆಯಾಗಿತ್ತು. ಕೂತೆ. ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಒಂದು ಹಿಡಿ ಕಾಯಿ ಎಳೆದುಕೊಂಡು ಸುಲಿಯತೊಡಗಿದೆ. ಇಬ್ಬರೂ ಬಾಗಿಲಿಗೆ ಬೆನ್ನು ಮಾಡಿ ಕೊಟ್ಟಿಗೆಯನ್ನೇ ನೋಡುತ್ತಿದ್ದೆವು. ಅತ್ತೆ ಸಿಪ್ಪೆಯನ್ನು ತಗಡಿನ ಮೊರಕ್ಕೆ ಜೋರಾಗಿ ಎಸೆಯುತ್ತಿದ್ದರು. ಬಹಳ ಹೊತ್ತಾದ ಮೇಲೆ ನಮ್ಮ ಬೆನ್ನ ಹಿಂದೆ ಬಾಗಿಲು ಕಿರ್ರೆಂದಿತು. ಯಾರೋ ಗೋಡೆಯ ಪಕ್ಕದಿಂದ ಇಳಿದು ಹೋದರು. ನಾನು ಕೈಯಲ್ಲಿದ್ದ ಕಾಯಿಯಿಂದ ಕಣ್ಣು ಎತ್ತಲಿಲ್ಲ.

ಹೆಜ್ಜೆ ಸಪ್ಪಳ ಬೇಲಿ ದಾಟಿದ ಮೇಲೆ ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, “ಈಗೋಗು, ಕಾಪಿಗೆ ಮಡಗು” ಅಂದರು.

ಒಳಗೆ ಹೋಗುವಾಗ ಕೋಣೆಯ ಬಾಗಿಲು ತೆರೆದೇ ಇತ್ತು. ಪೆಟ್ಟಿಗೆಯ ಮುಚ್ಚಳದ ಮೇಲೆ, ಒಂದು ಕೆನ್ನೆಯಗಲ, ಮರ ಒದ್ದೆಯಾಗಿತ್ತು. ಒರೆಸಲು ಹೋದವಳು ಕೈ ಹಿಂದಕ್ಕೆ ತೆಗೆದುಕೊಂಡೆ. ಅದು ತಾನಾಗಿ ಆರಲಿ ಎಂದು ಬಾಗಿಲು ಮುಂದೆ ಮಾಡಿ, ಕಾಫಿಗೆ ನೀರಿಟ್ಟೆ.