ಐದು ಜನರ ಕಾರಿನಲ್ಲಿ ಒಬ್ಬಳು

ನನ್ನ ಕಾರು ನನಗಿಂತ ಹೆಚ್ಚು ಮಾತನಾಡುತ್ತದೆ. ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಹೇಳುತ್ತದೆ, ಪೆಟ್ರೋಲು ಇಳಿದರೆ ಹೇಳುತ್ತದೆ, ಪಕ್ಕದ ಸೀಟಿನಲ್ಲಿ ಉತ್ತರಪತ್ರಿಕೆಗಳ ಕಟ್ಟು ಇಟ್ಟರೆ ಅದಕ್ಕೂ ಬೆಲ್ಟು ಹಾಕಬೇಕೆಂದು ಕುಂಯ್‌ಗುಡುತ್ತದೆ. ಮೊದಮೊದಲು ಕಿರಿಕಿರಿಯಾಗುತ್ತಿತ್ತು. ಈಗ ಕಟ್ಟಿಗೆ ಬೆಲ್ಟು ಹಾಕಿಯೇ ಹೊರಡುತ್ತೇನೆ. ಪಕ್ಕದಲ್ಲಿ ಯಾರೋ ಇದ್ದಾರೆಂದು ಕಾರಾದರೂ ನಂಬಿಕೊಂಡಿರಲಿ.

ಕಾರ್ಕಳದ ಕಾಲೇಜಿನಲ್ಲಿ ಕನ್ನಡ ಕಲಿಸುವ, ಮದುವೆಯಾಗದ, ಐವತ್ತು ದಾಟಿದ ಹೆಂಗಸಿಗೆ ಇಷ್ಟು ದೊಡ್ಡ ಕಾರು ಯಾಕೆಂದು ನೀವು ಕೇಳಬಹುದು. ಕೊಂಡದ್ದು ಅಮ್ಮನಿಗಾಗಿ. ಮಣಿಪಾಲದ ನಮ್ಮ ಮನೆಯಿಂದ ಆಗಾಗ ಕಾಪುವಿಗೆ, ತನ್ನ ತವರಿಗೆ, ಹೋಗಿಬರದಿದ್ದರೆ ಅವಳಿಗೆ ಸಮಾಧಾನವಿರಲಿಲ್ಲ. ಹಳೆಯ ಪುಟ್ಟ ಕಾರಿನಲ್ಲಿ ಸೊಂಟ ನೋಯುತ್ತಿತ್ತು. ಈ ಕಾರಿನ ಹಿಂದಿನ ಸೀಟು ಸೋಫಾದ ಹಾಗೆ ಉಂಟೆಂದು ಶೋರೂಮಿನವರು ಹೇಳಿದರು. ಹಿಂದೆ ಕೂತವರಿಗೇ ಬೇರೆ ಎ.ಸಿ. ಗಾಳಿ, ನಡುವೆ ಕೈಯೂರಲು ಮಡಚುವ ದಿಂಬು, ಬಿಸಿಲು ತಡೆಯಲು ಪರದೆ. ಅಮ್ಮ ಒಳಗೆ ಕೂತು, ಶೀತವಾಗುತ್ತದೆಂದು ಎ.ಸಿ.ಯ ಬಾಯಿಗೆ ಕರವಸ್ತ್ರ ತುರುಕಿ, ಕಿಟಕಿ ಇಳಿಸಿಕೊಂಡು ಪ್ರಯಾಣ ಮಾಡಿದಳು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹೋಗಿಬಿಟ್ಟಳು. ಸೀಟುಗಳ ಹೊಸ ವಾಸನೆ ಆಗಿನ್ನೂ ಹೋಗಿರಲಿಲ್ಲ.

ಡ್ಯಾಶ್‌ಬೋರ್ಡಿನ ನಡುವೆ ಸ್ಲೇಟಿನಷ್ಟಗಲದ ಪರದೆಯೊಂದಿದೆ. ಇನ್ಫೋಟೈನ್‌ಮೆಂಟ್ ಎನ್ನುತ್ತಾರೆ. ಪಾಠ ಹೇಳುವವರ ಚಪಲ, ಅದಕ್ಕೊಂದು ಕನ್ನಡ ಪದ ಹುಡುಕಲು ಹೊರಟೆ. ಮಾಹಿತಿ, ಮನರಂಜನೆ ಎರಡನ್ನೂ ಬೆಸೆದು 'ಮಾರಂಜನೆ' ಎಂದು ಮಾಡಿದರೆ ಯಾವುದೋ ಚರ್ಮರೋಗದ ಹೆಸರಿನಂತೆ ಕೇಳಿಸಿತು. ವ್ಯಾಕರಣದ ಯಾವ ಸಂಧಿಯೂ ಆ ಮದುವೆಗೆ ಒಪ್ಪಲಿಲ್ಲ, ಬಿಟ್ಟೆ. ಆ ಪರದೆಯೊಳಗಿಂದ ದಾರಿ ಹೇಳುವ ಹೆಣ್ಣುದನಿ ಕಾಪುವನ್ನು 'ಕೌಪ್' ಎನ್ನುತ್ತದೆ. ಕೌಪ್ ಅಲ್ಲ, ಕಾಪು ಎಂದು ನಾನು ಗಟ್ಟಿಯಾಗಿ ತಿದ್ದುತ್ತೇನೆ. ಅವಳು ಕಲಿಯುವುದಿಲ್ಲ. ನನ್ನ ಕೊನೆಯ ಬೆಂಚಿನವರೇ ವಾಸಿ. ಆದರೆ ಕೆಲವು ರಜಾದಿನಗಳಲ್ಲಿ ನಾನು ಬಾಯಿಬಿಟ್ಟು ಆಡಿದ ಮಾತು ಅದಷ್ಟೇ ಆಗಿರುತ್ತದೆ.

ಶನಿವಾರ ಮಧ್ಯಾಹ್ನ ನಾನು ಮನೆಗೆ ಮರಳುವ ಹೊತ್ತಿಗೆ ದೋಹಾದಿಂದ ತಮ್ಮ ದಿನೇಶನ ಫೋನು ಬರುತ್ತದೆ. ಅವನ ದನಿ ಕಾರಿನ ಎಲ್ಲ ಮೂಲೆಗಳಿಂದ ಆಕಾಶವಾಣಿಯಂತೆ ಹೊರಡುತ್ತದೆ. ಅಮ್ಮ ಹೋದ ಮೇಲೆ ಅವನದ್ದು ಒಂದೇ ಪ್ರಶ್ನೆ: "ಒಬ್ಬಳೇನಾ ಅಕ್ಕ?" ಹೌದೆಂದರೆ ಕೆಲಸ ಬಿಟ್ಟು ಬರುವ ಮಾತೆತ್ತುತ್ತಾನೆ. ಮಕ್ಕಳಿಬ್ಬರ ಓದು ಅಲ್ಲಿ ಅರ್ಧಕ್ಕೆ ಬಂದಿದೆ, ಊರಲ್ಲಿ ಅವನಿಗೆ ಬೇರೆ ಕೆಲಸವೂ ಇಲ್ಲ. ಆಡಿದ್ದನ್ನು ಮಾಡಿಯೇ ಬಿಡುವವನು ಬೇರೆ. ಹಾಗಾಗಿ ನಾನು ನಗುವಿನ ದನಿ ತಂದುಕೊಂಡು, ಮಲ್ಪೆಯಲ್ಲಿ ಬಂಗುಡೆ ಮೀನು ಅಗ್ಗವಾದ ಸುದ್ದಿ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ.

ಅಂಥದ್ದೊಂದು ಶನಿವಾರ ಬೈಲೂರಿನಲ್ಲಿ ತುಂಬಿದ ಬಸ್ಸೊಂದು ನಿಲ್ಲಿಸದೆ ಹೋಯಿತು. ಬುತ್ತಿಯ ಚೀಲ ಹಿಡಿದ ಹೆಂಗಸೊಬ್ಬರು ಅದರ ಹಿಂದೆ ನಾಲ್ಕು ಹೆಜ್ಜೆ ಓಡಿ ನಿಂತರು. ನಾನು ಕಾರು ನಿಲ್ಲಿಸಿ ಕರೆದೆ. ಹೆಸರು ಗಿರಿಜ. ತಂಗಿ ಕಾಲಿನ ಆಪರೇಶನ್ ಆಗಿ ಮಣಿಪಾಲದ ಆಸ್ಪತ್ರೆಯಲ್ಲಿದ್ದಾಳೆ, ಅವಳಿಗೆ ಊಟ ಒಯ್ಯುತ್ತಿದ್ದೇನೆ ಎಂದರು. ಮುಂದೆ ಕೂತರೆ ರಸ್ತೆ ಮೈಮೇಲೆ ಬಂದ ಹಾಗಾಗುತ್ತದೆಂದು ಹಿಂದೆ ಕೂತರು. ನಮ್ಮ ಮಾತೆಲ್ಲ ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಹಿರಿಯಡ್ಕ ದಾಟುವಾಗ ದಿನೇಶನ ಫೋನು ಬಂತು. ಒತ್ತಿದ್ದೇ ತಡ, "ಒಬ್ಬಳೇನಾ ಅಕ್ಕ?" ಎಂದ. ಆ ದಿನ ಅವನ ದನಿ ಬೇರೆಯೇ ಇತ್ತು. ನನಗೆ ಬಂಗುಡೆಯೂ ನೆನಪಾಗಲಿಲ್ಲ.

"ಒಬ್ಬರೇ ಎಂತಕ್ಕೆ? ನಾನಿಲ್ವಾ?" ಎಂದರು ಗಿರಿಜಕ್ಕ ಹಿಂದಿನಿಂದ.

ದಿನೇಶ ಕೇಳಿದ, "ನೀವು ಯಾರು?"

"ಗಿರಿಜ, ಬೈಲೂರಿನವಳು. ನಿಮ್ಮ ಅಕ್ಕನ ಜೊತೆ ಬರುವವಳು."

"ಅಕ್ಕ ಸರಿಯಾಗಿ ಊಟ ಮಾಡ್ತಾಳಾ?"

"ಸ್ವಲ್ಪ ಸಪೂರ ಆಗಿದ್ದಾರೆ. ನಾನು ನೋಡಿಕೊಳ್ತೇನೆ, ನೀವು ತಲೆಬಿಸಿ ಮಾಡಬೇಡಿ."

ದಿನೇಶ ಉಸಿರುಬಿಟ್ಟದ್ದು ಎಲ್ಲ ಸ್ಪೀಕರುಗಳಿಂದಲೂ ಕೇಳಿಸಿತು. "ನಾಳೆ ಆಫೀಸಿನಲ್ಲಿ ರಾಜೀನಾಮೆಯ ಮಾತಾಡುವವನಿದ್ದೆ ಅಕ್ಕ. ನಿದ್ರೆಯೇ ಬರ್ತಿರಲಿಲ್ಲ. ಜೊತೆಗೆ ಜನ ಉಂಟು ಅಂತ ಒಂದು ಮಾತು ಹೇಳಬಾರದಿತ್ತಾ?" ಎಂದ.

ಆಸ್ಪತ್ರೆಯ ಎದುರು ಅವರನ್ನು ಇಳಿಸುವಾಗ ಕೇಳಿದೆ, "ಹಾಗೆ ಯಾಕೆ ಸುಳ್ಳು ಹೇಳಿದಿರಿ?"

"ಸುಳ್ಳು ಎಂತ ಮಾರಾಯ್ರೆ? ಬೈಲೂರಿನಿಂದ ಇಲ್ಲಿಯವರೆಗೆ ಜೊತೆಯಲ್ಲಿ ಇರಲಿಲ್ವಾ?" ಎಂದು ಚೀಲ ಎತ್ತಿಕೊಂಡು ನಡೆದರು.

ಮುಂದಿನ ಎರಡು ವಾರ ಕಾಲೇಜು ಮುಗಿಸಿ ಬರುವಾಗ ದಿನವೂ ಅವರನ್ನು ಹತ್ತಿಸಿಕೊಂಡೆ. ಒಂದು ಬುತ್ತಿ ತಂಗಿಗೆ, ಇನ್ನೊಂದು ನನಗೆ. ಬೇಡವೆಂದರೆ, ನಿಮ್ಮ ತಮ್ಮನಿಗೆ ಮಾತು ಕೊಟ್ಟಾಗಿದೆ ಎನ್ನುತ್ತಿದ್ದರು. ಆಮೇಲೆ ತಂಗಿ ಗುಣವಾಗಿ ಗಂಡನ ಮನೆಗೆ ಹೋದಳು. ಬೈಲೂರಿನ ಬಸ್‌ಸ್ಟಾಪು ಖಾಲಿಯಾಯಿತು. ನಾನು ಕಾರಿನ ವೇಗ ತಗ್ಗಿಸಿ, ನೋಡಿ, ಮುಂದೆ ಹೋಗುತ್ತಿದ್ದೆ. ಅವರ ಮನೆ ಎಲ್ಲೆಂದು ಕೇಳಿಕೊಳ್ಳದ ನನ್ನ ಬುದ್ಧಿಗೆ ಏನು ಹೇಳಲಿ.

ಶನಿವಾರ ಬಂತು. ಗಿರಿಜಕ್ಕ ಅಲ್ಲಿ ನಿಂತಿದ್ದರು. ಕೈಯಲ್ಲಿ ಬುತ್ತಿಯಿಲ್ಲ, ಉಟ್ಟದ್ದು ಒಳ್ಳೆಯ ಸೀರೆ.

"ಎಲ್ಲಿಗೆ ಗಿರಿಜಕ್ಕ?"

"ಎಲ್ಲಿಗೂ ಇಲ್ಲ. ಇವತ್ತು ನಿಮ್ಮ ತಮ್ಮನ ಫೋನು ಬರುವ ದಿನ ಅಲ್ವಾ?" ಎಂದು ಒಳಗೆ ಕೂತರು. ಸ್ವಲ್ಪ ದೂರ ಹೋದ ಮೇಲೆ ಕಿಟಕಿಯ ಹೊರಗೆ ನೋಡುತ್ತಾ, "ನನಗೆ ಫೋನು ಮಾಡುವವರು ಯಾರೂ ಇಲ್ಲ" ಎಂದರು.

ಇಷ್ಟು ದಿನ ಅವರು ನನ್ನ ಜೊತೆಗೆ ಬರುತ್ತಿದ್ದಾರೆಂದೇ ತಿಳಿದಿದ್ದೆ. ನಾನೂ ಅವರ ಜೊತೆಗಿದ್ದೆನೆಂಬುದು ಹೊಳೆದೇ ಇರಲಿಲ್ಲ.

ಫೋನು ಬಂತು. ದಿನೇಶ ಮೊದಲು ಅವರನ್ನೇ ವಿಚಾರಿಸಿದ. ಗಿರಿಜಕ್ಕ ಸೀಟಿನ ತುದಿಗೆ ಸರಿದು ತಮ್ಮ ಮೊಣಕಾಲಿನ ನೋವು, ತಂಗಿಯ ಹಟ, ಬಾವಿಯ ನೀರು, ಎಲ್ಲವನ್ನೂ ಹೇಳತೊಡಗಿದರು. ಮಣಿಪಾಲ ಬಂತು. ನಾನು ಮನೆಯ ಕಡೆಗೆ ತಿರುಗದೆ, ಉಡುಪಿ ದಾಟಿ, ಕಾಪುವಿನ ಸಮುದ್ರದ ಕಡೆಗೆ ಕಾರು ಬಿಟ್ಟೆ. ಅವರ ಸುದ್ದಿ ಅಷ್ಟು ಬೇಗ ಮುಗಿಯುವಂಥದ್ದಾಗಿರಲಿಲ್ಲ.