ಮಿಸ್ತ್ರಿ ಕೆರೆದ ಬಣ್ಣ

ಮಿಸ್ತ್ರಿಯ ಬಲಗೈಗೆ ಎರಡು ಬಣ್ಣಗಳಿದ್ದವು. ಅಂಗೈ, ಬೆರಳು, ಉಗುರು ಎಲ್ಲ ಆಯಿಲ್ ಕುಡಿದು ಕರ್ರಗೆ. ಹಿಂಬದಿ ಮಾತ್ರ ಈಗಷ್ಟೇ ಸೋಪು ಹಾಕಿ ತೊಳೆದಂತೆ. ಬಾನೆಟ್ ಎತ್ತಿದ ಕೂಡಲೇ ಹೆಗಲ ಮೇಲಿನ ಟವೆಲ್ಲಿಗೆ ಆ ಹಿಂಬದಿಯನ್ನು ಒರೆಸಿಕೊಂಡು, ಜ್ವರ ಬಂದ ಕೂಸಿನ ಹಣೆ ಮುಟ್ಟುವ ಹಾಗೆ ಇಂಜಿನ್ನಿಗೆ ಅಲ್ಲಲ್ಲಿ ತಾಗಿಸುತ್ತಿದ್ದರು. “ಮದ್ಲ ಮುಟ್ಟಿ ನೋಡೋಣ್ರಿ, ಆಮ್ಯಾಲ ಬಿಚ್ಚೋಣು,” ಎನ್ನುವುದು ಅವರ ದಿನದ ಮಾತು.

ಭಾಗ್ಯನಗರದಲ್ಲಿ ರಸ್ತೆಯ ಆ ಕಡೆ ಅವರ ತಗಡಿನ ಶೆಡ್ಡು, ಈ ಕಡೆ ನನ್ನ ಗ್ಯಾರೇಜು. ನನ್ನಲ್ಲಿ ಟೈಲ್ಸ್ ಇದೆ, ಕಾರಿನ ರೋಗವನ್ನು ಪರದೆಯ ಮೇಲೆ ತೋರಿಸುವ ಸ್ಕ್ಯಾನರ್ ಇದೆ, ಚೌಕಟ್ಟು ಹಾಕಿಸಿದ ನನ್ನ ಡಿಪ್ಲೊಮಾ ಇದೆ. ಅಲ್ಲಿ ಒಂದು ಬೆಂಚು, ಒಂದು ಬೇವಿನ ಗಿಡ. ಗಿರಾಕಿಗಳು ಆ ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತ ನನ್ನ ಟೈಲ್ಸ್ ನೋಡುತ್ತಿದ್ದರು. ನಾನು ಇಲ್ಲಿಂದ ಅವರ ತಲೆ ಎಣಿಸುತ್ತಿದ್ದೆ. ಎಣಿಕೆ ತಪ್ಪೀತೆಂದು ಮಧ್ಯಾಹ್ನ ಊಟಕ್ಕೂ ಮನೆಗೆ ಹೋಗುತ್ತಿರಲಿಲ್ಲ. “ಆ ಕಡೆ ನೋಡೂದ ಬಿಟ್ರ ನಿಮ್ಮ ಬಿಪಿ ಗುಳಿಗಿ ಅರ್ಧಕ್ಕ ಇಳೀತಾವು,” ಎಂದು ಹೆಂಡತಿ ಅನ್ನುತ್ತಿದ್ದಳು.

ಮಿಸ್ತ್ರಿ ನನ್ನನ್ನು “ಇಂಜಿನಿಯರ್ ಸಾಬ್” ಎಂದು ಕರೆಯುತ್ತಿದ್ದರು. ಅದು ಗೌರವವೋ ಚೇಷ್ಟೆಯೋ ಎಂದು ವರ್ಷಗಟ್ಟಲೆ ಚಿಂತೆ ಮಾಡಿದ್ದೇನೆ.

ನಮ್ಮ ಬಳಗದಲ್ಲಿ ಆ ಶೆಡ್ಡಿನ ಮೆಟ್ಟಿಲು ಹತ್ತದೆ ಉಳಿದಿದ್ದವನು ನನ್ನ ಸೋದರಮಾವ ಒಬ್ಬನೇ. ಕೊಪ್ಪಳದಿಂದ ದಿನಾ ನಸುಕಿನಲ್ಲಿ ಕುಷ್ಟಗಿ ಕಡೆಯ ದಾಳಿಂಬೆ ತೋಟಕ್ಕೆ ಹೊರಡುವ ಅವನ ಡೀಸೆಲ್ ಕಾರು ಒಂದು ಚಳಿಗಾಲ ಬೆಳಗಿನ ಹೊತ್ತು ಕೆಮ್ಮತೊಡಗಿತು. ಎಷ್ಟು ಸೆಲ್ಫ್ ಹೊಡೆದರೂ ಬರೀ ಬಿಳಿ ಹೊಗೆ, ಸ್ಟೀರಿಂಗಿನ ಎದುರಿಗೆ ಹಳದಿ ದೀಪ. ಇಂಜಿನ್ನಿಗೆ ಹೋಗುವ ಗಾಳಿಯನ್ನು ಬಿಸಿ ಮಾಡುವ ಹೀಟರಿನ ಲೈನಿನಲ್ಲಿ ದೋಷ ಎಂದಿತು ನನ್ನ ಸ್ಕ್ಯಾನರ್. ಮೀಟರ್ ಇಟ್ಟು ನೋಡಿದೆ. ಹೀಟರಿನ ತನಕ ಕರೆಂಟು ಬರುತ್ತಿತ್ತು. ಕರೆಂಟು ಬಂದೂ ಕಾಯುವುದಿಲ್ಲವೆಂದರೆ ಹೀಟರೇ ಸತ್ತಿದೆ. ಹುಬ್ಬಳ್ಳಿಯಿಂದ ಹೊಸದು ತರಿಸಿ ಕೂಡಿಸಿದೆ.

ಮರುದಿನವೇ ಮಾವನ ಫೋನು: “ಅಳಿಯಾ, ನಿನ್ನ ದೀಪ ಮತ್ತ ಹತ್ತೇತಿ ನೋಡಪಾ.”

ಇಡೀ ದಿನ ಹುಡುಕಿದೆ, ಸಿಗಲಿಲ್ಲ. ಆಮೇಲೊಂದು ಬೆಳಿಗ್ಗೆ ಶಟರ್ ಎತ್ತುತ್ತೇನೆ, ಮಾವನ ಕಾರು ಎದುರಿನ ಬೇವಿನ ಗಿಡದ ಕೆಳಗೆ ನಿಂತಿದೆ.

ಬೋರ್ಡಿನ ಧೂಳು ಒರೆಸುವ ನೆಪದಲ್ಲಿ ಏಣಿ ಹತ್ತಿದೆ. ಅಲ್ಲಿಂದ ಚೆನ್ನಾಗಿ ಕಾಣುತ್ತಿತ್ತು. ಮಿಸ್ತ್ರಿ ಮಾವನಿಗೆ ಬರೀ ಚಾವಿ ತಿರುಗಿಸಲು ಹೇಳಿ, ಕೈಯ ಹಿಂಬದಿಯನ್ನು ಹೀಟರಿನ ಹತ್ತಿರ ಹಿಡಿದು, ಬಿಸಿಯಿಲ್ಲವೆಂದು ತಲೆಯಾಡಿಸಿದರು. ಆಮೇಲೆ ಒಂದು ದಪ್ಪ ವೈರು ತಂದು, ಹೀಟರಿನ ಅರ್ತ್ ತುದಿಯಿಂದ ನೇರವಾಗಿ ಬ್ಯಾಟರಿಯ ಮೈನಸ್ಸಿಗೆ ಮುಟ್ಟಿಸಿದರು. ಮತ್ತೆ ಕೈ ಹಿಡಿದರು, ನಕ್ಕರು. ಬ್ಯಾಟರಿ ಎತ್ತಿಟ್ಟು, ಅದರ ಕೆಳಗೆ ಬಗ್ಗಿ ಏನನ್ನೋ ಕೆರೆದು ಬಿಗಿ ಮಾಡಿ, ಬ್ಯಾಟರಿ ಮರಳಿ ಕೂಡಿಸಿದರು. ಕಾರು ಒಂದೇ ಏಟಿಗೆ ಶುರುವಾಯಿತು. ನಾನು ಏಣಿ ಇಳಿದೆ.

ತಡೆಯಲಾರದೆ ರಸ್ತೆ ದಾಟಿದೆ. “ಏನಾಗಿತ್ರಿ ಮಿಸ್ತ್ರಿ?”

“ಭಾಳ ಏನಿಲ್ರಿ ಸಾಬ್, ಅರ್ತ್ ಬೋಲ್ಟ್ ಸಡ್ಲಾಗಿತ್ತು. ಹೀಟರ್ ನೀವು ಛಲೋ ಕುಂದರ್ಸೀರಿ,” ಎಂದರು, ಮಾವನಿಗೂ ಕೇಳುವಷ್ಟು ಜೋರಾಗಿ.

ಮಾವ ಮುಂದಿನ ಸರ್ವಿಸಿಗೆ ಮತ್ತೆ ನನ್ನಲ್ಲಿಗೇ ಬಂದ. ಯಾಕೆಂದು ನನಗೆ ತಿಳಿಯಲಿಲ್ಲ. ಬ್ಯಾಟರಿ ಎತ್ತಿ, ಕೆಳಗೆ ಬಗ್ಗಿ ನೋಡಿದೆ. ಕಾರು ಕೆಮ್ಮುವ ಮೊದಲಿನ ಮಳೆಗಾಲದಲ್ಲಿ ಬ್ಯಾಟರಿಯ ಕೆಳಗೆ ತುಕ್ಕು ಕಂಡು, ಚೊಕ್ಕ ಕೆಲಸಗಾರನೆಂಬ ಹಮ್ಮಿನಲ್ಲಿ ನಾನೇ ಅಲ್ಲೆಲ್ಲ ಕರಿ ಬಣ್ಣ ಬಳಿದಿದ್ದೆ. ಹೀಟರಿನ ಅರ್ತ್ ವೈರು ಕಾರಿನ ಕಬ್ಬಿಣಕ್ಕೆ ಕೂಡುವ ಜಾಗಕ್ಕೂ. ಹೀಟರಿಗೆ ಬಂದ ಕರೆಂಟಿಗೆ ಮರಳಿ ಹೋಗುವ ದಾರಿಯೇ ಇಲ್ಲದಂತೆ ಮಾಡಿದ್ದೆ. ಈಗ ಬೋಲ್ಟಿನ ಸುತ್ತ ರೂಪಾಯಿ ಅಗಲ ಬಣ್ಣ ಕೆರೆದು ಕಬ್ಬಿಣ ಫಳಫಳ ಹೊಳೆಯುತ್ತಿತ್ತು. ಬೋಲ್ಟ್ ಸಡಿಲಾಗಿರಲೇ ಇಲ್ಲ.

ಮಿಸ್ತ್ರಿ ನಿಜ ಹೇಳಿದ್ದರೆ ನನ್ನ ಹೆಸರು ಆ ಬೆಂಚಿನ ಮೇಲೆಯೇ ಮುಗಿಯುತ್ತಿತ್ತು. ಹೇಳಲಿಲ್ಲ. ಇದನ್ನು ತಿಳಿದು ನನ್ನ ಹೊಟ್ಟೆಕಿಚ್ಚು ಆರಿತೆಂದು ಬರೆಯುವ ಆಸೆಯಿದೆ, ಆದರೆ ಅದು ಇಮ್ಮಡಿಯಾಯಿತು. ಅಲ್ಲಿಯತನಕ ಅವರ ಕೈ ಮೇಲಷ್ಟೇ ಇತ್ತು. ಇನ್ನು ಮುಂದೆ ಅವರ ಬಾಯಿಯ ಮೇಲೂ.

ಕಾಲಿನ ಗಾಯ ಮಾಯದೆ ಮಿಸ್ತ್ರಿ ಹಾಸಿಗೆ ಹಿಡಿದಾಗ ಹಣ್ಣು ಹಿಡಿದು ಹೋದೆ. ಎಷ್ಟೋ ಹೊತ್ತು ಹವಾಮಾನದ ಮಾತಾಡಿ, ಕೊನೆಗೆ, “ಆ ಬೋಲ್ಟ್ ಸಡ್ಲಿರ್ಲಿಲ್ಲ ಅಲ್ರಿ?” ಎಂದೆ.

ಕಣ್ಣು ಮುಚ್ಚಿಯೇ ನಕ್ಕರು. “ಬಣ್ಣ ಮಾತ್ರ ಭಾಳ ಚೊಕ್ಕ ಬಳದಿದ್ರಿ ಸಾಬ್. ಕೆರೀಲಿಕ್ಕ ಮನಸ ಬರ್ಲಿಲ್ಲ ನನಗ.”

ಅದಾಗಿ ವಾರದಲ್ಲಿ ಹೋದರು. ಮಣ್ಣು ಕೊಟ್ಟು ಮಾವನ ಕಾರಿನಲ್ಲೇ ಮರಳುವಾಗ ತಡೆಯಲಾಗದೆ ಎಲ್ಲ ಹೇಳಿಬಿಟ್ಟೆ. “ಮಾವ, ಆ ಹೀಟರ್ ಕೆಟ್ಟಿರ್ಲಿಲ್ಲ. ಗಾಡಿ ಕೆಡಿಸಿದಾಂವ ನಾನು.”

ಮಾವ ಗೇರು ಇಳಿಸಿ ಗಾಡಿ ನಿಧಾನ ಮಾಡಿದ. “ಇನ್ನ ಮ್ಯಾಲ ಗಾಡಿ ನಿಮ್ಮಲ್ಲೇ ತರ್ತೀನಿ ಅಂತ ಮಿಸ್ತ್ರಿಗೆ ಅಂದಿದ್ದೆ ಅವತ್ತು,” ಎಂದ. “ಬ್ಯಾಡ್ರಿ, ಅಳಿಯಾರ ಕಡೆ ಒಯ್ರಿ, ನನಗಿಂತ ಚೊಕ್ಕ ಕೆಲಸ ಮಾಡ್ತಾರ ಅಂದಾ.”

ಈಗ ಬಾನೆಟ್ ಎತ್ತಿದಾಗ ಸ್ಕ್ಯಾನರ್ ಹಚ್ಚುವ ಮೊದಲು ನಾನೂ ಟವೆಲ್ಲಿಗೆ ಕೈಯ ಹಿಂಬದಿ ಒರೆಸಿಕೊಳ್ಳುತ್ತೇನೆ. ಎಷ್ಟು ತಿಕ್ಕಿದರೂ ಅದು ಅವರ ಕೈಯಷ್ಟು ಬೆಳ್ಳಗಾಗುವುದಿಲ್ಲ.