ಬಲಗೈಯ ಹಸಿರು ಬಳೆಗಳು

ತೊಂಬತ್ತರ ದಶಕದ ಕೊನೆಯಲ್ಲಿ, ಅಕ್ಕಲಕೋಟೆಯ ನಮ್ಮ ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡೆ. ಪ್ಲಾಸ್ಟರ್ ಬಿಚ್ಚಿದರು, ಎಲುಬು ಕೂಡಿತ್ತು, ನೋವು ಮಾತ್ರ ಕೂತ ಜಾಗ ಬಿಟ್ಟು ಏಳಲಿಲ್ಲ. ಸೆರಗು ತಾಗಿದರೂ ಕೆಂಡ ಸುರಿದಂತಾಗುತ್ತಿತ್ತು. ಫ್ಯಾನಿನ ಗಾಳಿಯೂ ಆ ಕೈಗೆ ಆಗಿಬರುತ್ತಿರಲಿಲ್ಲ. ನಾನು ಕಲಿಸುವ ಶಾಲೆಯಲ್ಲಿ ಎಡಗೈಯಿಂದಲೇ ಬೋರ್ಡಿನ ಮೇಲೆ ಗೀಚುತ್ತಿದ್ದೆ. ಮಕ್ಕಳು ಅದನ್ನು ಓದುವುದರಲ್ಲಿ ಪಳಗಿಬಿಟ್ಟಿದ್ದರು.

ಬಳೆಯಂತೂ ದೂರದ ಮಾತು. ಮುತ್ತೈದೆಯ ಕೈ ಬರಿದಾಗಿದ್ದರೆ ನಮ್ಮ ಓಣಿ ಸುಮ್ಮನಿರುತ್ತದೆಯೇ? ಅರಿಷಿಣ-ಕುಂಕುಮಕ್ಕೆ ಹೋದಲ್ಲೆಲ್ಲ ಹೆಂಗಸರ ಕಣ್ಣು ಮೊದಲು ನನ್ನ ಮಣಿಕಟ್ಟಿಗೇ. ಅತ್ತೆಯೂ ಒಮ್ಮೆ ಅತ್ತ ನೋಡಿ ಮುಖ ತಿರುಗಿಸಿಬಿಡುತ್ತಿದ್ದರು. ಅವರಿಗೆ ನನ್ನ ನೋವಿಗಿಂತ ಜನರ ಬಾಯಿಯದೇ ಚಿಂತೆ ಎಂದು ನನಗೆ ಒಳಗೊಳಗೇ ಉರಿಯುತ್ತಿತ್ತು.

ಕೊನೆಗೆ ಸೊಲ್ಲಾಪುರದಲ್ಲಿ ಒಬ್ಬ ಡಾಕ್ಟರು ಸಿಕ್ಕರು. ಆಪರೇಷನ್ನಿಗೆ ಅರಿವಳಿಕೆ ಕೊಡುವವರು.

"ಭೂಲ್ ಕೊಡಾಕ ಬಳಸೋ ಕೆಟಮಿನ್ ಔಷಧಾನ ಸ್ವಲ್ಪ ಸ್ವಲ್ಪ ಸಲಾಯಿನ್‌ನ್ಯಾಗ ಬಿಟ್ಟು ನೋಡೂಣ್ರಿ ಬಾಯಾರ. ಭಾಳ ಮಂದಿಗೆ ಮಾಡಿಲ್ಲ, ಖಾತ್ರಿ ಕೊಡಾಂಗಿಲ್ಲ. ಕನಸು ಕಂಡಂಗ ಆಗ್ತದ, ಏನೇನರ ಮಾತಾಡ್ತೀರಿ, ಅಂಜಬ್ಯಾಡ್ರಿ," ಅಂದರು.

ಖಾತ್ರಿ ಇಲ್ಲ ಎಂದ ಡಾಕ್ಟರನ್ನು ನೋಡಿದ್ದು ಅದೇ ಮೊದಲು, ನಂಬಿಕೆ ಬಂತು. ಈ ಮಾತು ನಡೆದಾಗ ಅತ್ತೆ ಹೊರಗೆ ಚಹಾ ಕುಡಿಯುತ್ತಿದ್ದರು.

ಎಡಗೈಗೆ ಸೂಜಿ ಹಾಕಿದರು. ಡಾಕ್ಟರು ಪಕ್ಕದಲ್ಲೇ ನಾಡಿ ನೋಡುತ್ತ ಕೂತರು. ಸ್ವಲ್ಪ ಹೊತ್ತಿಗೆ ನಾನು ಫ್ಯಾನಿನ ಹತ್ತಿರ ಇದ್ದೆ. ಕೆಳಗೆ ಮಂಚದ ಮೇಲೆ ಯಾರೋ ಹೆಂಗಸು ಮಲಗಿದ್ದಳು.

"ನಾ ಮ್ಯಾಲ ಅದೀನಿ. ಎಲ್ಲಾ ಕಾಣಸ್ತದ. ಈ ಮೈ ಯಾರ್ದು?" ಎಂದು ಗಟ್ಟಿ ದನಿಯಲ್ಲಿ ಕೇಳಿದೆನಂತೆ.

ಅತ್ತೆ ಆಗಷ್ಟೇ ಒಳಗೆ ಬಂದವರು, "ಯವ್ವಾ! ಮೈಯಾಗ ದೇವಿ ಬಂದಾಳ!" ಎಂದು ಕೈಮುಗಿದರು. ಸಂಜೆ ದೇವಿಯ ಗುಡಿಯಲ್ಲಿ ಉಡಿ ತುಂಬಲೆಂದು ಅವರ ಚೀಲದಲ್ಲಿ ಕುಪ್ಪಸದ ಖಣ, ತೆಂಗಿನಕಾಯಿ, ಹಸಿರು ಬಳೆ ಇದ್ದವು. ಸಾಕ್ಷಾತ್ ದೇವಿಯೇ ಎದುರಿಗಿರುವಾಗ ಗುಡಿಯೇಕೆ? ಖಣ ಮಡಿಲಿಗೆ, ಕುಂಕುಮ ಹಣೆಗೆ. ಆಮೇಲೆ ನನ್ನ ಬಲಗೈ ಹಿಡಿದು, ಅಂಗೈ ಒತ್ತಿ ಬಳೆ ಏರಿಸತೊಡಗಿದರು.

"ಆಜಿ, ದೇವಿ ನಾಹಿ, ಔಷಧ ಆಹೆ!" ದೇವಿಯಲ್ಲ, ಔಷಧದ ಪರಿಣಾಮ ಎನ್ನಲು ಹೋಗಿ ಗಾಬರಿಯಲ್ಲಿ ಡಾಕ್ಟರು ಮರಾಠಿಗೆ ಇಳಿದರು. ಅವರು ಎದ್ದು ತಡೆಯುವಷ್ಟರಲ್ಲಿ ಬಳೆಗಳು ಮಣಿಕಟ್ಟು ಸೇರಿದ್ದವು. ನಾನು ಚೀರಲಿಲ್ಲ, ಕೈ ಹಿಂದೆಳೆಯಲಿಲ್ಲ. ಡಾಕ್ಟರು ನಗುತ್ತ ಮತ್ತೆ ಕೂತರಂತೆ.

ಮರುದಿನ ಊರಿನ ಬಸ್ಸಿನಲ್ಲಿ ತಗ್ಗು ಸಿಕ್ಕಾಗಲೆಲ್ಲ ಬಳೆಗಳು ಸದ್ದು ಮಾಡುತ್ತಿದ್ದವು. ನೋವು ಪೂರ್ತಿ ಹೋಗಿರಲಿಲ್ಲ. ಮುಂದೆ ಇನ್ನೂ ಕೆಲವು ಸಲ ಆ ಮಂಚದ ಮೇಲೆ ಮಲಗಬೇಕಾಯಿತು. ಆದರೆ ನೋವಿನ ಸೊಕ್ಕು ಮುರಿದಿತ್ತು. ಇವತ್ತಿಗೂ ಬಲಗೈಯಲ್ಲಿ ಸೀಮೆಸುಣ್ಣ ಹಿಡಿದಾಗ ಆ ಡಾಕ್ಟರನ್ನು ನೆನೆಯುತ್ತೇನೆ.

ಅಂದು ಬಸ್ಸಿನಲ್ಲಿ ಅತ್ತೆ ನನ್ನತ್ತ ನೋಡದೆ ಕಿಟಕಿಗೆ ಮುಖ ಮಾಡಿ ಕೂತಿದ್ದರು. ಡಾಕ್ಟರು ಎಲ್ಲ ತಿಳಿಸಿ ಹೇಳಿದ್ದಕ್ಕೆ ನಾಚಿಕೆಯಿರಬೇಕು ಎಂದುಕೊಂಡಿದ್ದೆ. ಅರ್ಧ ದಾರಿಗೆ ಸೆರಗಿನಿಂದ ಕಣ್ಣೊರೆಸಿಕೊಂಡರು.

"ದೇವಿ ಅಂತ ತಿಳಕೊಂಡು ಒತ್ತಿ ಹಾಕೀನಿ. ನೀನ ಅಂತ ಗೊತ್ತಿದ್ರ ಮುಟ್ಟತಿದ್ದಿಲ್ಲವ್ವಾ. ವರ್ಷಾತು, ನಿನ್ನ ಕೈಯಿನ ತ್ರಾಸ ನೋಡಾಕ ಆಗಂಗಿಲ್ಲ ನನಗ."

ನಾನು ಬಲಗೈಯನ್ನು ಅವರ ತೊಡೆಯ ಮೇಲಿಟ್ಟೆ. ಮೊದಲು ಅಂಜಿದರು. ಆಮೇಲೆ ಊರು ಬರುವವರೆಗೂ ಅದನ್ನು ಹಿಡಿದುಕೊಂಡೇ ಕೂತಿದ್ದರು.